ಅರಬ್ಬಿ ಪಿಕ್ಯೂ-16: ಚಿಕ್ಕ ಪ್ರಶ್ನಾವಳಿ, ದೊಡ್ಡ ಉಪಕಾರ

ಅರಬ್ಬಿ ಮಾತಾಡುವ ಯುವಜನರಲ್ಲಿ ಸೈಕೋಸಿಸ್‌ನ, ಅಂದರೆ ನಿಜ ಯಾವುದು ಭ್ರಮೆ ಯಾವುದು ಎಂದು ತಿಳಿಯದಂತಾಗುವ ಮನೋಸ್ಥಿತಿಯ, ಮೊದಲ ಸುಳಿವು ಹಿಡಿಯಲು ಪಿಕ್ಯೂ-16 (PQ-16) ನಿಜಕ್ಕೂ ಕೆಲಸಕ್ಕೆ ಬರುವ ಸಾಧನ. 16 ಹೇಳಿಕೆಗಳು, ಹೌದು ಅಥವಾ ಇಲ್ಲ; ಹೌದೆಂದರೆ ಅದು ಕೊಡುವ ಸಂಕಟಕ್ಕೆ 0ಯಿಂದ 3ರವರೆಗೆ ಅಂಕ. ಕೆಲವೇ ನಿಮಿಷದ ಕೆಲಸ. ಮೂಲ ಡಚ್ ಅಧ್ಯಯನದ ಗಡಿ 6 'ಹೌದು'; ಅಷ್ಟು ಅಥವಾ ಹೆಚ್ಚು ಬಂದರೆ ಮುಂದಿನ ತಪಾಸಣೆ. ಅದು ಚಿಕಿತ್ಸೆ ಕೇಳಿ ಬಂದವರಿಗೆ ಹಾಕಿದ್ದು. ಶಾಲೆಯಲ್ಲಿ ಹಾಗೇ ಬಳಸಿದರೆ ಆರೋಗ್ಯವಾಗಿರುವ ಮಕ್ಕಳೂ ಸುಮ್ಮನೆ ಸಿಕ್ಕಿಬೀಳುತ್ತಾರೆ.

ತೊಡಕಿರುವುದು ಮಾತಿನಲ್ಲಿ. ಪ್ರಶ್ನೆ ಫುಸ್‌ಹಾ ಎಂಬ ಗ್ರಾಂಥಿಕ ಅರಬ್ಬಿಯಲ್ಲಿ, ಮೊರಾಕ್ಕೊ ಹುಡುಗನ ಮನೆಮಾತು ದಾರಿಜಾ ಎಂಬ ಆಡು ಅರಬ್ಬಿ. ಅರ್ಥವಾಗದೆ ಟಿಕ್ ಹಾಕುವುದುಂಟು; ಜೊತೆಗೆ ಕೂತು ಓದಿಸಿ. ಜಿನ್ನ್ (ಜನ ನಂಬುವ, ಕಣ್ಣಿಗೆ ಕಾಣದ ಜೀವಿ) ಪಿಸುಗುಟ್ಟಿತು ಎಂದರೆ ತಕ್ಷಣ ರೋಗಲಕ್ಷಣವೆಂದು ಬರೆದುಕೊಳ್ಳಬೇಡಿ. "ಮನೆಯವರಿಗೂ ಹೀಗೆ ಅನ್ನಿಸುತ್ತದಾ? ಯಾವಾಗಿನಿಂದ? ನಿದ್ದೆ, ಓದು ಕೆಟ್ಟಿದೆಯಾ?" ಎಂದು ಕೇಳಿ. ಸಂಕಟದ ಅಂಕ ಹೆಚ್ಚಿದ್ದರೆ ತರಬೇತಾದವರಿಂದ ಕಾರ್ಮ್ಸ್ (CAARMS) ಎಂಬ, ಸೈಕೋಸಿಸ್ ಅಪಾಯವನ್ನು ವಿವರವಾಗಿ ಅಳೆಯುವ ಸಂದರ್ಶನ ಮಾಡಿಸಿ. ಈ ಹಾಳೆಯೊಂದರಿಂದಲೇ ಔಷಧ ಶುರುಮಾಡುವಂತಿಲ್ಲ.