ಪಟ್ಟಿ, ಹನಿ, ಮಾತ್ರೆ: ಯಾವುದು ಮೊದಲು ಕೆಡುತ್ತದೆ?

ಮೀನಿನ ತೊಟ್ಟಿಯ ನೀರು ನೋಡಲು ಎರಡು ವರ್ಷದಿಂದ ಮೂರು ಬಗೆಯ ಟೆಸ್ಟ್ ಕಿಟ್ ಬಳಸುತ್ತಿದ್ದೇನೆ: ಅದ್ದುವ ಪಟ್ಟಿ, ಹನಿ ಹಾಕುವ ಬಾಟಲಿ, ಫಾಯಿಲ್‌ನಲ್ಲಿ ಬರುವ ಮಾತ್ರೆ. ಯಾವುದು ಮೊದಲು ಕೆಟ್ಟಿತೋ ಅದರಿಂದಲೇ ಶುರು ಮಾಡುತ್ತೇನೆ.

ಮೊದಲು ಕೈಕೊಟ್ಟದ್ದು ಪಟ್ಟಿ. ತಪ್ಪು ನನ್ನದೇ. ಒದ್ದೆ ಕೈಯಲ್ಲಿ ಡಬ್ಬಿಗೆ ಬೆರಳು ಹಾಕಿ, ಮುಚ್ಚಳ ಅರ್ಧ ಬಿಟ್ಟಿದ್ದೆ. ಕೆಲವೇ ವಾರಗಳಲ್ಲಿ ಪಟ್ಟಿಯ ಮೇಲಿನ ನೈಟ್ರೈಟ್ ನೋಡುವ ಚೌಕ ನೀರು ಮುಟ್ಟುವ ಮೊದಲೇ ತಿಳಿ ಗುಲಾಬಿ! ಡಬ್ಬಿಯ ಮೇಲಿನ ತಾರೀಖು ಮುಗಿಯಲು ಇನ್ನೂ ಒಂದು ವರ್ಷವಿತ್ತು. ಪಟ್ಟಿಗೆ ತೇವವೇ ಶತ್ರು. ಫ್ರಿಜ್‌ನಲ್ಲಿಟ್ಟರೆ ಬಾಳುತ್ತದೆ ಅಂದುಕೊಳ್ಳಬೇಡಿ. ಹೊರಗೆ ತೆಗೆದು ತಣ್ಣಗಿರುವಾಗಲೇ ಮುಚ್ಚಳ ತೆರೆದರೆ ಒಳಗೆ ಬೆವರು ಕೂರುತ್ತದೆ.

ಹನಿ ಬಾಟಲಿ ಇದಕ್ಕಿಂತ ಗಟ್ಟಿ. ಆದರೆ ಕೆಟ್ಟರೂ ಸುಲಭಕ್ಕೆ ಗೊತ್ತಾಗುವುದಿಲ್ಲ, ಅದೇ ಕಷ್ಟ. ಒಂದೇ ಬಗೆಯ ಎರಡು ಕೆಎಚ್ (ನೀರಿನ ಕಾರ್ಬೋನೇಟ್ ಗಡಸುತನ) ಬಾಟಲಿ ಕೊಂಡು ಒಂದನ್ನು ಕಿಟಕಿಯ ಮೇಲೆ, ಇನ್ನೊಂದನ್ನು ಕತ್ತಲೆಯ ಬೀರುವಿನಲ್ಲಿ ಇಟ್ಟೆ. ಎಂಟು ತಿಂಗಳ ನಂತರ ಎರಡಕ್ಕೂ ಪರೀಕ್ಷೆ ಮಾಡಿದೆ. ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ 1.5 ಗ್ರಾಂ ಅಡುಗೆ ಸೋಡಾ ಹಾಕಿ ಕರಗಿಸಿ, ಅದರ ಒಂದು ಪಾಲಿಗೆ ಒಂಬತ್ತು ಪಾಲು ಡಿಸ್ಟಿಲ್ಡ್ ನೀರು ಬೆರೆಸಿದರೆ ಸಿಗುವ ನೀರಿನ ಕೆಎಚ್ 5 ಡಿಗ್ರಿ. ಒಂದು ಹನಿಗೆ ಒಂದು ಡಿಗ್ರಿ ಅನ್ನುವ ಕಿಟ್ ಆದರೆ ಐದನೇ ಹನಿಗೆ ಬಣ್ಣ ತಿರುಗಬೇಕು, ಅಲ್ವಾ? ಬೀರುವಿನ ಬಾಟಲಿಯಲ್ಲಿ ನೀಲಿಯಿಂದ ಹಳದಿಗೆ ಟಕ್ ಅಂತ ತಿರುಗಿತು. ಕಿಟಕಿಯದ್ದರ ನೀಲಿ ಎಷ್ಟು ಮಂಕಾಗಿತ್ತೆಂದರೆ, ತಿರುಗಿದ್ದು ಐದಕ್ಕೋ ಏಳಕ್ಕೋ ಹೇಳಲಾಗಲಿಲ್ಲ. ಹನಿಯಲ್ಲಿರುವ ಆಮ್ಲ ಸರಿಯಾಗೇ ಇದ್ದಿರಬಹುದು, ಬಣ್ಣ ಮಾತ್ರ ಬಿಸಿಲಿಗೆ ಹೋಗಿತ್ತು.

ನೈಟ್ರೇಟ್ ಕಿಟ್‌ದು ಬೇರೆಯೇ ಕಥೆ. ಫಲಿತಾಂಶ ಸುಮ್ನೆ ಕಡಿಮೆ ಕಡಿಮೆ ಬರತೊಡಗಿತು. ಹಳೆಯದಾಯಿತು ಅಂತ ಬಿಸಾಡಲು ಹೊರಟಿದ್ದೆ. ನೋಡಿದರೆ ಎರಡನೇ ಬಾಟಲಿಯಲ್ಲಿರುವ ಪುಡಿ ತಳದಲ್ಲಿ ಗಟ್ಟಿಯಾಗಿ ಕೂತಿತ್ತು. ಮೇಜಿಗೆ ನಾಲ್ಕು ಸಲ ತಟ್ಟಿ, ಅರ್ಧ ನಿಮಿಷ ಜೋರಾಗಿ ಕುಲುಕಿದ ಮೇಲೆ ಅದೇ ನೀರು ಕಡು ಕೆಂಪು ತೋರಿಸಿತು.

ಕ್ಲೋರಿನ್ ನೋಡಲು ಬಳಸುವ, ಕ್ಲೋರಿನ್ ಇದ್ದರೆ ಗುಲಾಬಿಯಾಗುವ ಡಿಪಿಡಿ ಎಂಬ ರಾಸಾಯನಿಕದಲ್ಲಿ ಹನಿಗಿಂತ ಮಾತ್ರೆಯೇ ವಾಸಿ. ಡಿಪಿಡಿ ದ್ರವ ಗಾಳಿ ತಾಗಿದರೆ ಕಂದಾಗುತ್ತದೆ, ನನ್ನದು ಆರು ತಿಂಗಳಿಗೇ ಚಹಾದ ಬಣ್ಣಕ್ಕೆ ಬಂತು. ಮಾತ್ರೆ ಒಂದೊಂದೂ ಬೇರೆ ಬೇರೆ ಮುಚ್ಚಿರುವುದರಿಂದ ಎರಡು ವರ್ಷದ ಮೇಲೂ ಹೊಸದರಷ್ಟೇ ಗುಲಾಬಿ ಕೊಟ್ಟಿತು. ಬೆರಳಲ್ಲಿ ಮುಟ್ಟದೆ, ಫಾಯಿಲ್‌ನಿಂದ ನೇರ ಟ್ಯೂಬಿಗೆ ಬೀಳಿಸಬೇಕು ಅಷ್ಟೇ. (ಕ್ಲೋರಿನ್ ತೀರಾ ಜಾಸ್ತಿ ಇದ್ದರೂ ಗುಲಾಬಿ ಅಳಿಸಿಹೋಗುತ್ತದೆ. ಆಗ ಪಾಪ, ಮಾತ್ರೆಯನ್ನು ಬೈಯಬೇಡಿ.)

ಈಗ ನನ್ನ ಬೀರುವಿನಲ್ಲಿ ಕೆಎಚ್, ನೈಟ್ರೇಟ್‌ಗೆ ಹನಿ, ಕ್ಲೋರಿನ್‌ಗೆ ಮಾತ್ರೆ. ಪ್ರತಿ ಬಾಟಲಿಯ ಮೇಲೆ ತೆರೆದ ದಿನವನ್ನು ಪೆನ್ನಿನಲ್ಲಿ ಬರೆದಿದ್ದೇನೆ. ಪಟ್ಟಿ ಮತ್ತೆ ಕೊಂಡಿಲ್ಲ.