ಒಬ್ಬರೇ ಇರುವ ಲೈಬ್ರರಿಯಲ್ಲಿ ಟೆಲಿಗ್ರಾಂ, ವಾಟ್ಸಾಪ್, ಲಿಂಕ್ಡ್‌ಇನ್: ಎರಡು ವರ್ಷ ಬಳಸಿದ ಮೇಲೆ

ಕಾಲೇಜಿನಲ್ಲಿ ಗಣಿತದ ಮೇಷ್ಟ್ರಿಗೆ ಏನಾದರೂ ಅನುಮಾನ ಬಂದರೆ ಪಕ್ಕದ ಕುರ್ಚಿಯಲ್ಲಿ ಇನ್ನೊಬ್ಬರು ಗಣಿತದ ಮೇಷ್ಟ್ರು ಇರುತ್ತಾರೆ. ಲೈಬ್ರರಿಯನ್‌ಗೆ ಆ ಪಕ್ಕದ ಕುರ್ಚಿ ಇಲ್ಲ. ನಾನು ಗ್ರಂಥಾಲಯ ವಿಜ್ಞಾನದಲ್ಲಿ ಎಂ.ಲಿಬ್ ಮುಗಿಸಿ ತಾಲ್ಲೂಕು ಕೇಂದ್ರದ ಒಂದು ಪದವಿ ಕಾಲೇಜಿಗೆ ಸೇರಿ ಎರಡು ವರ್ಷ ಆಯ್ತು. ಲೈಬ್ರರಿಯಲ್ಲಿ ನಾನು, ಒಬ್ಬರು ಅಟೆಂಡರ್, 9,000 ಪುಸ್ತಕ. ಅಷ್ಟೇ. ಕೆಲಸ ಕಲಿಯೋಕೆ ನನಗೆ ಸಿಕ್ಕ ಕುರ್ಚಿಗಳೆಲ್ಲ ಫೋನಿನಲ್ಲೇ ಇದ್ದವು. ಯಾವುದು ಎಷ್ಟು ಕೆಲಸಕ್ಕೆ ಬಂತು ಅಂತ ಹೊಸದಾಗಿ ಸೇರುವವರಿಗಾಗಿ ಬರೆಯುತ್ತಿದ್ದೇನೆ.

ಮೊದಲ ಮಾರ್ಕು ಟೆಲಿಗ್ರಾಂಗೆ. ಐದಕ್ಕೆ ಐದು ಕೊಡ್ತೀನಿ.

ಕಾರಣ ಹೇಳುತ್ತೇನೆ. ನಾನು ಸೇರುವ ಮುಂಚೆ ಕನ್ನಡ ಪುಸ್ತಕಗಳ ಪಟ್ಟಿಯನ್ನೆಲ್ಲ ಯಾರೋ ಎಕ್ಸೆಲ್‌ನಲ್ಲಿ ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಹಳೆಯ ಫಾಂಟ್ ಬಳಸಿ ಟೈಪ್ ಮಾಡಿಟ್ಟಿದ್ದರು. ಅದನ್ನು ಲೈಬ್ರರಿಗಳು ಬಳಸುವ ಕೋಹಾ ಸಾಫ್ಟ್‌ವೇರ್‌ಗೆ ಹಾಕಿದೆ. ತೆರೆ ಮೇಲೆ ‘ಕನ್ನಡ’ ಅಂತ ಇರಬೇಕಾದ ಕಡೆ ಒಂದು ಇಂಗ್ಲಿಷ್ ಪಿ, ತಲೆ ಮೇಲೆ ಗೀಟಿರುವ ಒಂದು ಎ, ಆಮೇಲೆ ಪೌಂಡ್ ಚಿಹ್ನೆ! ಸಾವಿರಾರು ಪುಸ್ತಕಗಳ ಹೆಸರೂ ಹೀಗೇ. ಆ ಸಂಜೆ ಕೋಹಾ ಬಳಸುವವರ ಒಂದು ಗುಂಪಿನಲ್ಲಿ ‘ಕನ್ನಡ ಬರ್ತಿಲ್ಲ, ಹೆಲ್ಪ್ ಮಾಡಿ’ ಅಂತ ಹಾಕಿದೆ. ಒಂದು ದಿನ ಕಳೆದರೂ ಯಾರೂ ಉತ್ತರಿಸಲಿಲ್ಲ. ಮಾರನೆಯ ದಿನ ಕೋಹಾ ಆವೃತ್ತಿ ಯಾವುದು, ಕಂಪ್ಯೂಟರ್ ನಡೆಸುವ ಉಬುಂಟು ಯಾವುದು, ಮೂಲ ಫೈಲ್ ಯಾವ ಫಾಂಟ್‌ನಲ್ಲಿದೆ, ನಾನು ಏನೇನು ಮಾಡಿದೆ ಅಂತ ಒಂದೊಂದಾಗಿ ಬರೆದು, ಎರಡು ಸ್ಕ್ರೀನ್‌ಶಾಟ್ ಸೇರಿಸಿ ಮತ್ತೆ ಕೇಳಿದೆ. ಅರ್ಧ ಗಂಟೆಯಲ್ಲಿ ಮೂರು ಜನ ಬಂದರು.

ಒಬ್ಬರು ಹೇಳಿದ್ದು, ನುಡಿ ಅಕ್ಷರಗಳನ್ನು ಮೊದಲು ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಯುನಿಕೋಡ್‌ಗೆ ಬದಲಾಯಿಸಿ, ಆಮೇಲೆ ಎಕ್ಸೆಲ್‌ನಿಂದ ಉಳಿಸುವಾಗ ಸುಮ್ನೆ ಸಿಎಸ್‌ವಿ ಅಂತ ಒತ್ತಬೇಡಿ, ‘ಸಿಎಸ್‌ವಿ ಯುಟಿಎಫ್-8’ ಆರಿಸಿ, ಇಲ್ಲದಿದ್ದರೆ ಎಲ್ಲ ಪ್ರಶ್ನಾರ್ಥಕ ಚಿಹ್ನೆ ಆಗುತ್ತೆ ಅಂತ. ಇನ್ನೊಬ್ಬರು ಅದನ್ನು ಮಾರ್ಕ್ಎಡಿಟ್‌ನಲ್ಲಿ ಲೈಬ್ರರಿ ಸಾಫ್ಟ್‌ವೇರ್‌ಗಳು ಓದಬಲ್ಲ ಮಾರ್ಕ್ ದಾಖಲೆ ಮಾಡುವುದು ಹೇಗೆ ಅಂತ ತೋರಿಸಿದರು. ಅದು ಉಚಿತವಾಗಿ ಸಿಗುವ ಸಾಫ್ಟ್‌ವೇರ್. ಮೂರನೆಯವರು ಹೇಳಿದ ವಿಷಯ ನನಗೆ ಯಾವ ಕ್ಲಾಸಿನಲ್ಲೂ ಸಿಕ್ಕಿರಲಿಲ್ಲ. ಹೆಸರುಗಳು ಸರಿಯಾಗಿ ಕಂಡರೂ ಹುಡುಕಿದಾಗ ಸಿಗದೇ ಇರಬಹುದು, ಯಾಕೆಂದರೆ ಕೋಹಾದೊಳಗೆ ಹುಡುಕುವ ಕೆಲಸ ಮಾಡುವ ಝೀಬ್ರಾಕ್ಕೆ ಕನ್ನಡದಂಥ ಲಿಪಿ ಸರಿಯಾಗಿ ತಿಳಿಯಬೇಕಾದರೆ ಐಸಿಯು ಅನ್ನುವ ಯುನಿಕೋಡ್ ಸೆಟ್ಟಿಂಗ್ ಹಾಕಿ ಇಂಡೆಕ್ಸನ್ನು ಮೊದಲಿಂದ ಕಟ್ಟಬೇಕು. ಅವರು ಹೇಳಿದ ಹಾಗೇ ಆಯ್ತು. ಶನಿವಾರ ಮಧ್ಯಾಹ್ನ ‘ವಚನ’ ಅಂತ ಟೈಪ್ ಮಾಡಿ ಎಂಟರ್ ಒತ್ತಿದಾಗ ಪುಸ್ತಕಗಳು ಸಾಲಾಗಿ ಬಂದವು. ಅಟೆಂಡರ್ ಅವರನ್ನು ಕರೆದು ತೋರಿಸಿದೆ.

ಟೆಲಿಗ್ರಾಂ ನನಗೆ ಇಷ್ಟವಾಗಲು ಇನ್ನೊಂದು ಕಾರಣ ಅಲ್ಲಿನ ಹಳೆಯ ಮಾತು. ಸಾರ್ವಜನಿಕ ಗುಂಪಿಗೆ ಇವತ್ತು ಸೇರಿದರೂ ಮೂರು ವರ್ಷದ ಹಿಂದಿನ ಪ್ರಶ್ನೆಯನ್ನು ಹುಡುಕಿ ಓದಬಹುದು. ಈಗ ನಾನು ಕೇಳುವ ಮುಂಚೆ ಹುಡುಕುತ್ತೇನೆ, ಬಹಳ ಸಲ ಉತ್ತರ ಅಲ್ಲೇ ಇರುತ್ತೆ. ‘ಓದುಗರ ಸಮಯ ಉಳಿಸಿ’ ಅನ್ನುವುದು ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ರಂಗನಾಥನ್ ಅವರು 1931ರಲ್ಲಿ ಕೊಟ್ಟ ಐದು ಸೂತ್ರಗಳಲ್ಲಿ ನಾಲ್ಕನೆಯದು. ಉತ್ತರ ಹೇಳುವವರ ಸಮಯಕ್ಕೂ ಅದು ಅನ್ವಯಿಸುತ್ತೆ ಅಂತ ನನಗನ್ನಿಸುತ್ತೆ.

ಲಿಂಕ್ಡ್‌ಇನ್‌ಗೆ ಮೂರೂವರೆ. ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆ, ಕಾರ್ಪೊರೇಟ್ ಲೈಬ್ರರಿ ಕಡೆ ಹೋಗುವ ಆಸೆ ಇದ್ದರೆ ಪ್ರೊಫೈಲ್ ಇಟ್ಟುಕೊಳ್ಳಿ. ಉಚಿತ ಖಾತೆ ಸಾಕು, ಪ್ರೀಮಿಯಂ ಬೇಕಿಲ್ಲ. ವಿಶ್ವವಿದ್ಯಾಲಯಗಳ ಲೈಬ್ರರಿಗಳನ್ನು ಜೋಡಿಸುವ ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್, ಲೈಬ್ರರಿಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಇಫ್ಲಾ, ಇಂಥವುಗಳನ್ನು ಫಾಲೋ ಮಾಡಿದರೆ ನಮ್ಮ ಕೆಲಸ ಎತ್ತ ಸಾಗುತ್ತಿದೆ ಅಂತ ತಿಳಿಯುತ್ತೆ. ಡಿಜಿಟಲ್ ಸಂಗ್ರಹ ಕಟ್ಟುವ ಡಿಸ್ಪೇಸ್ ಸಾಫ್ಟ್‌ವೇರ್ ಬಳಸಿ ಕಾಲೇಜಿನ ಹಳೆಯ ಪ್ರಶ್ನೆಪತ್ರಿಕೆಗಳ ಸಂಗ್ರಹ ಮಾಡಬಹುದು ಅನ್ನುವ ಯೋಚನೆ ನನಗೆ ಬಂದದ್ದು ಅಲ್ಲಿ ಒಬ್ಬ ಹಿರಿಯರು ಬರೆದದ್ದನ್ನು ಓದಿ. ಅವರಿಗೆ ಮೆಸೇಜ್ ಕಳಿಸಿದೆ, ಪರಿಚಯವಿಲ್ಲದ ನನಗೆ ಎರಡು ಪುಟದಷ್ಟು ಉತ್ತರ ಬರೆದರು. ಆದರೆ ಎಲ್ಲ ಇಂಗ್ಲಿಷ್, ಮತ್ತೆ ಮಾತೆಲ್ಲ ದೊಡ್ಡ ಲೈಬ್ರರಿಗಳದ್ದೇ. 9,000 ಪುಸ್ತಕದ ಲೈಬ್ರರಿಯ ಕಷ್ಟ ಅಲ್ಲಿ ಕಡಿಮೆ ಕಾಣುತ್ತೆ.

ಒಂದು ವಿಷಯದಲ್ಲಿ ಹೊಸಬರು ದಯವಿಟ್ಟು ಹುಷಾರಾಗಿರಿ. ಎಲ್ಲ ಕಡೆ ಕ್ವಿಜ್ ಲಿಂಕ್ ಬರುತ್ತೆ, ಹತ್ತು ಪ್ರಶ್ನೆಗೆ ಉತ್ತರಿಸಿದರೆ ಇ-ಸರ್ಟಿಫಿಕೇಟ್. ಮೊದಲ ವರ್ಷ ನಾನೂ ಒಂದು ಫೈಲ್ ತುಂಬ ಕೂಡಿಸಿದೆ, ಅದರಿಂದ ಕಲಿತದ್ದು ಬಹಳ ಕಡಿಮೆ. ಇನ್ನೂ ಕೆಟ್ಟದ್ದು ದುಡ್ಡು ಕೊಟ್ಟರೆ ವಾರದಲ್ಲಿ ಲೇಖನ ಅಚ್ಚು ಮಾಡುವ ಜರ್ನಲ್‌ಗಳು. ಒಂದು ಗುಂಪಿನಲ್ಲಿ ಬಂದ ಇಂಥ ಕರೆ ನಂಬಿ ದುಡ್ಡು ಕಟ್ಟಿದೆ. ಲೇಖನ ಮೂರೇ ದಿನದಲ್ಲಿ ‘ಸ್ವೀಕೃತ’ ಆಯ್ತು. ಯಾರೂ ಅದನ್ನು ಓದಿದ ಗುರುತು ಇರಲಿಲ್ಲ. ನನ್ನ ಹೆಸರನ್ನೇ ತಪ್ಪಾಗಿ ಅಚ್ಚು ಮಾಡಿದ್ದರು. ಐಎಸ್‌ಎಸ್‌ಎನ್ ಇದೆ ಅನ್ನುವುದು ಗುಣಮಟ್ಟದ ಗ್ಯಾರಂಟಿ ಅಲ್ಲ, ಅದು ಪತ್ರಿಕೆಯನ್ನು ಗುರುತಿಸುವ ಸಂಖ್ಯೆ ಮಾತ್ರ. ಬೇರೆಯವರಿಗೆ ಮಾಹಿತಿ ಪರೀಕ್ಷಿಸಿ ಬಳಸಿ ಅಂತ ಹೇಳಿಕೊಡುವ ಕೆಲಸ ನಮ್ಮದು, ಅಲ್ವಾ? ಆ ಪರೀಕ್ಷೆ ನಮ್ಮ ಫೋನಿಗೆ ಬರುವ ಲಿಂಕಿನಿಂದಲೇ ಶುರುವಾಗಬೇಕು.

ಹಾಗೇ ಸ್ಕ್ರೀನ್‌ಶಾಟ್ ಹಾಕುವಾಗ ವಿದ್ಯಾರ್ಥಿಗಳ ಹೆಸರು, ಫೋನ್ ನಂಬರ್, ಯಾರು ಯಾವ ಪುಸ್ತಕ ತೆಗೆದುಕೊಂಡರು ಅನ್ನುವುದೆಲ್ಲ ಮುಚ್ಚಿ ಹಾಕಿ. ಇಷ್ಯೂ ರಿಜಿಸ್ಟರ್ ಪುಟದ ಫೋಟೋ ಹಾಗ್ಹಾಗೇ ಹಾಕಿದ್ದನ್ನು ಎರಡು ಸಲ ನೋಡಿದ್ದೇನೆ. ಹುಡುಗಿಯರ ನಂಬರ್ ಅದರಲ್ಲಿತ್ತು. ಎರಡೂ ಸಲ ಬರೆದವರಿಗೆ ಹೇಳಿ ತೆಗೆಸಿದೆ. ಇನ್ನು ಮಾರಾಟದಲ್ಲಿರುವ ಪುಸ್ತಕಗಳ ಕದ್ದ ಪಿಡಿಎಫ್ ಹಂಚುವ ಗುಂಪುಗಳಿಂದ ನಾನು ಹೊರಗೆ ಬಂದಿದ್ದೇನೆ.

ಹೆಚ್ಚು ಜನ ಮಾತಾಡದ ಒಂದು ಜಾಗ ಕನ್ನಡ ವಿಕಿಪೀಡಿಯ. 2016ರಲ್ಲಿ ಶುರುವಾದ ‘ಒನ್ ಲಿಬ್ ಒನ್ ರೆಫ್’ ಅನ್ನುವ ಅಭಿಯಾನ ಇದೆ, ಒಬ್ಬ ಲೈಬ್ರರಿಯನ್ ಒಂದಾದರೂ ಉಲ್ಲೇಖ ಸೇರಿಸಲಿ ಅನ್ನುವುದು ಅದರ ಆಸೆ. ನಮ್ಮ ಕಪಾಟಿನಲ್ಲಿ ಧೂಳು ಹಿಡಿದಿದ್ದ ಜಿಲ್ಲಾ ಗ್ಯಾಸೆಟಿಯರ್ ತೆಗೆದು ನಮ್ಮ ತಾಲ್ಲೂಕಿನ ಪುಟಕ್ಕೆ ನಾಲ್ಕು ಉಲ್ಲೇಖ ಸೇರಿಸಿದೆ. ರೆಫರೆನ್ಸ್ ಕೆಲಸ ಅಂದರೆ ಏನು ಅಂತ ನನಗೆ ಆ ಮಧ್ಯಾಹ್ನ ಚೆನ್ನಾಗಿ ಅರ್ಥವಾಯ್ತು.

ಕೊನೆಗೆ ವಾಟ್ಸಾಪ್. ನಾಲ್ಕು ಮಾರ್ಕು. ಬೆಳಗಿನ ಹೂವಿನ ಚಿತ್ರಗಳು ಜಾಸ್ತಿ, ಆಗಸ್ಟ್ 12ರ ಗ್ರಂಥಪಾಲಕರ ದಿನ ಬಂದರೆ ರಂಗನಾಥನ್ ಫೋಟೋಗಳ ನಡುವೆ ಕೆಲಸದ ಮಾತು ಸಿಗುವುದಿಲ್ಲ. ಆದರೂ ಬಿಡಲಾರೆ, ಯಾಕೆಂದರೆ ಅಲ್ಲಿರುವುದು ನಮ್ಮ ಜಿಲ್ಲೆಯವರು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಹಿಂದಿನ ವಾರ ಸ್ಟಾಕ್ ಪರಿಶೀಲನೆಯ ವರದಿ ಹೇಗಿರಬೇಕು ಅಂತ ಕೇಳಿದರೆ, ಪಕ್ಕದ ತಾಲ್ಲೂಕಿನವರು ತಮ್ಮದೇ ವರದಿ ಕಳಿಸುತ್ತಾರೆ, ಸಂಜೆ ಫೋನ್ ಮಾಡಿ ವಿವರಿಸುತ್ತಾರೆ. ಮತ್ತೆ ಅಲ್ಲಿ ಕನ್ನಡದಲ್ಲೇ ಕೇಳಬಹುದು.

ಹೋದ ತಿಂಗಳು ನಾನು ಕೇಳಿದ್ದು ಸಣ್ಣ ಪ್ರಶ್ನೆ. ಪುಸ್ತಕಗಳನ್ನು ವಿಷಯವಾರು ಸಂಖ್ಯೆ ಕೊಟ್ಟು ವಿಂಗಡಿಸುವ ಡ್ಯೂಯಿ ಪದ್ಧತಿಯ ಪ್ರಕಾರ ಕನ್ನಡ ಕಾವ್ಯಕ್ಕೆ 894.8141 ಹಾಕುತ್ತೇವೆ, ಸರಿ. ಪುಸ್ತಕದ ಲೇಬಲ್ಲಿನಲ್ಲಿ ಅದರ ಕೆಳಗೆ ಲೇಖಕರ ಹೆಸರಿನ ಮೊದಲ ಮೂರು ಅಕ್ಷರ ಇಂಗ್ಲಿಷ್‌ನಲ್ಲಿ ಬರೆಯುತ್ತಿದ್ದೆವು. ಕನ್ನಡದಲ್ಲೇ ಬರೆಯೋಣ ಅಂದರೆ ಕುವೆಂಪುಗೆ ಸರಿಯಾಗಿ ಮೂರು ಅಕ್ಷರ, ಬೇಂದ್ರೆಗೆ ಎರಡೇ. ಒತ್ತಕ್ಷರವನ್ನು ಬೇರೆ ಎಣಿಸಬೇಕಾ, ಸೊನ್ನೆಯನ್ನು ಏನು ಮಾಡುವುದು? ಒಂದು ಭಾನುವಾರ ಪೂರ್ತಿ ಹದಿನಾಲ್ಕು ಲೈಬ್ರರಿಯನ್‌ಗಳು ಇದರ ಬಗ್ಗೆ ಮಾತಾಡಿದರು, ಒಬ್ಬರು ನಲವತ್ತು ವರ್ಷದ ಹಿಂದಿನ ಲೇಬಲ್ಲಿನ ಫೋಟೋ ಹಾಕಿದರು. ಇನ್ನೂ ಒಮ್ಮತ ಆಗಿಲ್ಲ. ಸದ್ಯಕ್ಕೆ ನಮ್ಮ ಕಪಾಟಿನಲ್ಲಿ ಬೇಂದ್ರೆ ಪೂರ್ತಿ ಹೆಸರಿನಲ್ಲೇ ಇದ್ದಾರೆ.