ಪೀಟಾ ಕೇಸಿನ ಸುಳ್ಳು ಅನುಮಾನಕ್ಕೆ ಸಿಕ್ಕಿದರೆ: ಮೈಸೂರಿನ ಉಚಿತ ಕಾನೂನು ನೆರವು ಎಷ್ಟು ಕೆಲಸಕ್ಕೆ ಬರುತ್ತದೆ?

ಸರ್ಕಾರ ಕೊಡುವ ಉಚಿತ ವಕೀಲರ ನೆರವೆಂದರೆ ಕಾಟಾಚಾರ ಎಂಬ ಮಾತು ಮೈಸೂರಿನಲ್ಲೂ ಇದೆ, ಮಂಡ್ಯದಲ್ಲೂ ಇದೆ. ಈ ನೆರವು ಕೊಡುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಮಟ್ಟಿಗೆ, ಅದರಲ್ಲೂ ಪೀಟಾ, ಅಂದರೆ ಅನೈತಿಕ ವ್ಯವಹಾರ ತಡೆ ಕಾಯ್ದೆಯ ಕೆಳಗೆ ವೇಶ್ಯಾವಾಟಿಕೆಗೆ ಕರೆದರೆಂಬ ಸುಳ್ಳು ಅನುಮಾನದ ಪ್ರಕರಣಗಳಲ್ಲಿ, ಆ ಮಾತು ಪೂರ್ತಿ ನಿಜವಲ್ಲ. ಠಾಣೆಯಲ್ಲಿ ಕೂರಿಸಿದ ಹೊತ್ತಿನಲ್ಲೇ ಕರೆದರೆ ಈ ಸೇವೆ ಸಾವಿರಾರು ರೂಪಾಯಿ ಫೀಸಿನ ವಕೀಲರಿಗೆ ಕಡಿಮೆಯಿಲ್ಲ. ಮರುದಿನ ಮ್ಯಾಜಿಸ್ಟ್ರೇಟರ ಮುಂದೆ ತಪ್ಪೊಪ್ಪಿಕೊಂಡ ಮೇಲೆ ಹುಡುಕಿಕೊಂಡು ಹೋದರೆ ಯಾವ ವಕೀಲರೂ ಹೆಚ್ಚೇನೂ ಮಾಡಲಾರರು.

ಸಹಾಯವಾಣಿ 15100, ಕರೆ ಉಚಿತ. ಕಚೇರಿ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. ತಾಲ್ಲೂಕುಗಳಲ್ಲಿ ತಾಲ್ಲೂಕು ಸಮಿತಿ. ಅರ್ಜಿ ಬರೆಯಲು ಬಾರದಿದ್ದರೆ ಬಾಯಲ್ಲಿ ಹೇಳಿದರೂ ಸಾಕು, ಅಲ್ಲಿನ ಸಿಬ್ಬಂದಿ ಬರೆದುಕೊಳ್ಳಬೇಕು. ವಕೀಲರ ಫೀಸು, ಕೋರ್ಟ್ ಶುಲ್ಕ, ಟೈಪಿಂಗ್, ದಾಖಲೆಗಳ ನಕಲು ಎಲ್ಲವೂ ಪ್ರಾಧಿಕಾರದ ಖರ್ಚು. ನೇಮಕಗೊಂಡ ವಕೀಲರು ಕಕ್ಷಿದಾರರಿಂದ ಒಂದು ರೂಪಾಯಿ ಕೇಳಿದರೂ ತಪ್ಪು; ಕೇಳಿದರೆ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಗೆ ಬರೆದುಕೊಟ್ಟು ವಕೀಲರನ್ನು ಬದಲಿಸಿಕೊಳ್ಳಬಹುದು.

ಹೆಂಗಸರಿಗೆ ಆದಾಯದ ಮಿತಿಯೇ ಇಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಬ್ಯಾಂಕ್ ಅಧಿಕಾರಿಯಾದರೂ ಸರಿ, ಮನೆಗೆಲಸದವರಾದರೂ ಸರಿ, ಹೆಣ್ಣು ಎಂಬುದೇ ಅರ್ಹತೆ. ಗಂಡಸರ ವಿಷಯದಲ್ಲಿ ಒಂದು ತೊಡಕಿದೆ. ಬಂಧನದಲ್ಲಿರುವವರಿಗೆಲ್ಲ ನೆರವು ಸಿಗುತ್ತದೆ, ಆದರೆ ಜಾಮೀನಿನ ಮೇಲೆ ಹೊರಬಂದ ಕೂಡಲೇ ಆ ಅರ್ಹತೆ ಹೋಗುತ್ತದೆ. ಆಮೇಲೆ ಪರಿಶಿಷ್ಟ ಜಾತಿ, ಪಂಗಡ, ಅಂಗವೈಕಲ್ಯ ಅಥವಾ ಕಡಿಮೆ ಆದಾಯದ ಆಧಾರ ತೋರಿಸಬೇಕು. ಆದಾಯಕ್ಕೆ ಪ್ರಮಾಣಪತ್ರ, ಅಂದರೆ ಅಫಿಡವಿಟ್, ಕೊಟ್ಟರೂ ಸ್ವೀಕರಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಇದನ್ನು ಒಳಗಿರುವಾಗಲೇ ಸಿದ್ಧಮಾಡಿಸಿಕೊಂಡರೆ ವಕೀಲರು ನಡುವೆ ಕೈತಪ್ಪುವುದಿಲ್ಲ.

ವಕೀಲರು ಬರುವವರೆಗೆ ಏನು ಮಾಡಬೇಕು ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ನಿಜವಾದ ಹೆಸರು, ವಿಳಾಸ ಹೇಳಿ, ಗುರುತಿನ ಚೀಟಿ ತೋರಿಸಿ. ಅವಮಾನಕ್ಕೆ ಹೆದರಿ ಬೇರೆ ಹೆಸರು ಹೇಳುವುದೇ ಇಲ್ಲಿ ಆಗುವ ದೊಡ್ಡ ಎಡವಟ್ಟು. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯ 14ನೇ ಕಲಂ ಪ್ರಕಾರ ವಾರಂಟ್ ಇಲ್ಲದೆ ದಸ್ತಗಿರಿ ಮಾಡಲು ವಿಶೇಷ ಪೊಲೀಸ್ ಅಧಿಕಾರಿಗೇ ಅಧಿಕಾರ. ಅವರು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರಾಗಿರುವಂತಿಲ್ಲ. ಅವರ ಗೈರಿನಲ್ಲಿ ಕೆಳಗಿನವರು ಹಿಡಿಯಬೇಕಾದರೆ ಲಿಖಿತ ಆದೇಶವಿರಬೇಕು, ಕೇಳಿದರೆ ಅದನ್ನು ತೋರಿಸಬೇಕು. ಇದಕ್ಕಿರುವ ವಿನಾಯಿತಿಗಳಲ್ಲಿ ಒಂದು: ವ್ಯಕ್ತಿಯ ಹೆಸರು, ವಿಳಾಸ ಗೊತ್ತಿಲ್ಲದಿದ್ದರೆ ಅಥವಾ ಅದು ಸುಳ್ಳೆಂದು ಅನುಮಾನ ಬಂದರೆ ಅಧಿಕಾರ ಪಡೆದ ಪಿಎಸ್‌ಐ ಆದೇಶವಿಲ್ಲದೆಯೂ ಹಿಡಿಯಬಹುದು. ಸುಳ್ಳು ಹೆಸರು ಹೇಳಿದವರು ಆ ಬಾಗಿಲನ್ನು ತಾವೇ ತೆರೆದುಕೊಟ್ಟಂತೆ.

ಹೆಸರು, ವಿಳಾಸ ಆದ ಮೇಲೆ ಮಿಕ್ಕ ಪ್ರಶ್ನೆಗಳಿಗೆ "ವಕೀಲರು ಬಂದ ಮೇಲೆ ಹೇಳುತ್ತೇನೆ" ಎನ್ನಬಹುದು. ಹೇಳಿಕೆಗೆ ಸಹಿ ಹಾಕಬೇಕಿಲ್ಲ. ತನಿಖೆಯಲ್ಲಿ ಪೊಲೀಸರು ಬರೆದುಕೊಂಡ ಹೇಳಿಕೆಗೆ ಸಹಿ ತೆಗೆದುಕೊಳ್ಳುವಂತಿಲ್ಲ ಎಂದು ಕಾನೂನೇ ಹೇಳುತ್ತದೆ. ಅರೆಸ್ಟ್ ಮೆಮೊ ಬೇರೆ: ಅದಕ್ಕೆ ಸಹಿ ಬೇಕು, ಹಾಕುವ ಮುನ್ನ ಹಿಡಿದ ಸಮಯ ಸರಿಯಾಗಿ ಬರೆದಿದ್ದಾರೆಯೇ ನೋಡಿ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂಬ ಲೆಕ್ಕಕ್ಕೆ ಆ ಸಮಯವೇ ಆಧಾರ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ಹೆಂಗಸರನ್ನು ದಸ್ತಗಿರಿ ಮಾಡುವಂತಿಲ್ಲ; ಅಸಾಧಾರಣ ಸಂದರ್ಭದಲ್ಲಿ ಮಹಿಳಾ ಅಧಿಕಾರಿಯೇ ಲಿಖಿತ ವರದಿ ಕೊಟ್ಟು ಮ್ಯಾಜಿಸ್ಟ್ರೇಟರ ಅನುಮತಿ ಮೊದಲೇ ಪಡೆದಿರಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಕಲಂನಲ್ಲಿ ಹೆಂಗಸರ ದಸ್ತಗಿರಿಯ ಈ ನಿಯಮ ಇದೆ.

ಇನ್ನು ಆರೋಪದ ತಿರುಳು. ಪೀಟಾ ಕಾಯ್ದೆಯ 8ನೇ ಕಲಂ ಶಿಕ್ಷಿಸುವುದು ಸಾರ್ವಜನಿಕ ಸ್ಥಳದಲ್ಲಿ ಮಾತು, ಸನ್ನೆ ಮುಂತಾದವುಗಳಿಂದ ವೇಶ್ಯಾವಾಟಿಕೆಯ ಉದ್ದೇಶಕ್ಕೆ ಕರೆಯುವುದನ್ನು, ಅಥವಾ ಅದೇ ಉದ್ದೇಶದಿಂದ ಸುಳಿದಾಡಿ ಜನರಿಗೆ ತೊಂದರೆ ಕೊಡುವುದನ್ನು. ಸಬರ್ಬನ್ ಬಸ್ ನಿಲ್ದಾಣದ ಹೊರಗೆ ತಡರಾತ್ರಿ ಒಬ್ಬಳೇ ನಿಂತಿದ್ದಳು, ಫೋನಿನಲ್ಲಿ ಮಾತಾಡುತ್ತಿದ್ದಳು ಎಂದಷ್ಟೇ ಬರೆದ ದೂರಿನಲ್ಲಿ ಈ ಅಂಶ ಇಲ್ಲವೇ ಇಲ್ಲ. ಗುಡಿ, ಶಾಲೆ, ಆಸ್ಪತ್ರೆಗಳಿಂದ 200 ಮೀಟರ್ ಒಳಗೆ ವೇಶ್ಯಾವಾಟಿಕೆ ಕೂಡದೆಂಬ 7ನೇ ಕಲಂನ ನಿಯಮವೂ ಹಾಗೆಯೇ. ಕೆ.ಆರ್. ಆಸ್ಪತ್ರೆ, ಗುಡಿಗಳು, ಶಾಲೆಗಳ ನಡುವಿನ ಮೈಸೂರು ಪೇಟೆಯಲ್ಲಿ ಬಹುಪಾಲು ಜಾಗ ಆ ಅಳತೆಯೊಳಗೇ ಬರುತ್ತದೆ. ಆದರೆ ಆ ಕಲಂಗೆ ಬೇಕಾದದ್ದು ಅಲ್ಲಿ ವೇಶ್ಯಾವಾಟಿಕೆ ನಡೆದದ್ದು, ಅಲ್ಲಿ ನಿಂತದ್ದಲ್ಲ. ಪರ್ಸಿನಲ್ಲಿ ಕಾಂಡೋಮ್ ಸಿಕ್ಕಿತೆಂಬುದು ಸಾಕ್ಷ್ಯವಾಗದು. 2022ರ ಮೇನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನಗಳಲ್ಲಿ ಇದು ಸ್ಪಷ್ಟವಾಗಿದೆ. ಲಾಡ್ಜಿನಲ್ಲಿ ಮದುವೆಯಾಗದ ಇಬ್ಬರು ವಯಸ್ಕರು ತಂಗುವುದು ಅಪರಾಧವಲ್ಲ.

8ನೇ ಕಲಂಗೆ ಹೆಂಗಸರಿಗೆ ಮೊದಲ ಸಲ ಗರಿಷ್ಠ ಆರು ತಿಂಗಳು ಸಜೆ ಅಥವಾ 500 ರೂಪಾಯಿ ದಂಡ, ಇಲ್ಲವೇ ಎರಡೂ. ಜಾಮೀನು ಸಿಗುವ ಅಪರಾಧವಾದ್ದರಿಂದ ಠಾಣೆಯಲ್ಲೇ ಬಿಡುಗಡೆಯಾಗಬೇಕು. ಈ ಸಣ್ಣ ದಂಡವೇ ಬಲೆ. "500 ಕಟ್ಟಿ ಮನೆಗೆ ಹೋಗಮ್ಮ, ಯಾರಿಗೂ ಗೊತ್ತಾಗಲ್ಲ" ಎಂದು ಯಾರೇ ಹೇಳಲಿ, ತಪ್ಪೊಪ್ಪಿಗೆ ಎಂದರೆ ಶಿಕ್ಷೆಯಾದ ದಾಖಲೆ. ಪಾಸ್‌ಪೋರ್ಟ್, ಕೆಲಸದ ಪೊಲೀಸ್ ಪರಿಶೀಲನೆ ಎಲ್ಲದಕ್ಕೂ ಅದು ಎದುರಾಗುತ್ತದೆ. ಉಚಿತ ವಕೀಲರಿಗೆ ಮೊದಲು ಹೇಳಬೇಕಾದ ಮಾತು: "ನಾನು ತಪ್ಪೊಪ್ಪಿಕೊಳ್ಳುವುದಿಲ್ಲ."

ಈ ಸೇವೆಗೆ ಹೆಚ್ಚು ಬೆಲೆ ಬರುವುದು ದಸ್ತಗಿರಿಯ ಬದಲು "ರಕ್ಷಣೆ" ಎಂದು ಬರೆದಾಗ. ದಾಳಿಯಲ್ಲಿ ಸಿಕ್ಕ ಹೆಣ್ಣನ್ನು ಸಂತ್ರಸ್ತೆ ಎಂದು ಮಹಿಳಾ ನಿಲಯಕ್ಕೆ ಕಳಿಸಿದರೆ ಅಲ್ಲಿ ಜಾಮೀನು ಎಂಬ ಮಾತೇ ಇಲ್ಲ. 17ನೇ ಕಲಂ ಕೆಳಗೆ ವಿಚಾರಣೆ ನಡೆಯುವಾಗ ಮಧ್ಯಂತರ ವಶ ಮೂರು ವಾರ ಮೀರುವಂತಿಲ್ಲ. ಆದರೆ ಯಾರೂ ಅರ್ಜಿ ಹಾಕದಿದ್ದರೆ ಅಷ್ಟು ದಿನವೂ ಒಳಗೇ. ಆಧಾರ್, ಕೆಲಸದ ಚೀಟಿ, ಬಸ್ ಟಿಕೆಟ್ ಹಿಡಿದು ಮನೆಯವರು ಪ್ರಾಧಿಕಾರಕ್ಕೆ ಹೋದರೆ ಬಿಡುಗಡೆ ಅರ್ಜಿಯನ್ನು ವಕೀಲರು ಹಾಕುತ್ತಾರೆ. ದಾಳಿಯ ಮಹಜರು ಹೇಗೆ ನಡೆಯಿತು ಎಂಬುದನ್ನೂ ಅವರ ಕೈಯಲ್ಲಿ ಪರೀಕ್ಷೆ ಮಾಡಿಸಬೇಕು: ಸ್ಥಳೀಯ ಪಂಚರಲ್ಲಿ ಒಬ್ಬರಾದರೂ ಹೆಂಗಸು, ಜೊತೆಗೆ ಕನಿಷ್ಠ ಇಬ್ಬರು ಮಹಿಳಾ ಪೊಲೀಸರು ಇರಬೇಕೆಂದು 15ನೇ ಕಲಂ ಹೇಳುತ್ತದೆ.

ಕೊರತೆಗಳೂ ಇವೆ. ಹಿಡಿಯುವುದು ಹೆಚ್ಚಾಗಿ ರಾತ್ರಿ, ಕಚೇರಿ ನಡೆಯುವುದು ಹಗಲು. ಹಾಗಾಗಿ ಮನೆಯವರೊಬ್ಬರು ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೆ ಅಲ್ಲಿರುವುದು ಒಳ್ಳೆಯದು. ಹಿಡಿದವರನ್ನು ಮ್ಯಾಜಿಸ್ಟ್ರೇಟರ ಮುಂದೆ ತಂದಾಗ ಅವರ ಪರ ನಿಲ್ಲುವ ಪ್ರಾಧಿಕಾರದ ರಿಮ್ಯಾಂಡ್ ವಕೀಲರಿಗೆ ಒಬ್ಬೊಬ್ಬರೊಡನೆ ಮಾತಾಡಲು ಕೆಲವೇ ನಿಮಿಷ ಸಿಗುತ್ತದೆ. ಎಲ್ಲಿ, ಎಷ್ಟು ಗಂಟೆಗೆ, ಯಾಕೆ ನಿಂತಿದ್ದಿರಿ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಅವರ ಕೈಗಿಡಿ. ಅದರ ಕೊನೆಯಲ್ಲಿ ಸಿಸಿಟಿವಿ ದೃಶ್ಯ ಉಳಿಸಲು ಅರ್ಜಿ ಹಾಕಿ ಎಂದು ಸೇರಿಸಿ. ಅಂಗಡಿ, ನಿಲ್ದಾಣಗಳ ದೃಶ್ಯ ಬೇಗ ಅಳಿಸಿಹೋಗುತ್ತದೆ. ಠಾಣೆಗಳ ದೃಶ್ಯವನ್ನು 18 ತಿಂಗಳು ಉಳಿಸಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪ್ರಕರಣ ರದ್ದಿಗೆ ಬೆಂಗಳೂರಿನ ಹೈಕೋರ್ಟಿಗೆ ಹೋಗುವುದಾದರೆ ಮೈಸೂರಿನ ವಕೀಲರು ಜೊತೆಗೆ ಬರುವುದಿಲ್ಲ. ಅಲ್ಲಿನ ಹೈಕೋರ್ಟ್ ಕಾನೂನು ಸೇವೆಗಳ ಸಮಿತಿಗೆ ಬೇರೆ ಅರ್ಜಿ ಕೊಡಬೇಕು. ಎಫ್‌ಐಆರ್, ಮಹಜರು, ದೋಷಾರೋಪಪಟ್ಟಿಯ ನಕಲುಗಳನ್ನು ಇಲ್ಲಿಂದಲೇ ಪಡೆದುಕೊಂಡು ಹೊರಡಿ.